ಖಾಲಿ ಮಿಕ್ಸಿ

“ಅವನು ಕೈ ಎತ್ತಿದ ಅಂದ್ರೆ ಸಾಕು, ನಾನು ಓಡಿಹೋಗಿ ಖಾಲಿ ಮಿಕ್ಸಿ ಹಾಕ್ತಿದ್ದೆ. ಪಕ್ಕದ ಮನೆಯವರಿಗೆ ಕೇಳಬಾರದಲ್ಲ…”

ಅಡುಗೆಮನೆಯ ಬಾಗಿಲಲ್ಲಿ ಅಕ್ಕ ಹಾಗೇ ನಿಂತುಬಿಟ್ಟಳು. ಮಾತು ಅವಳದೇ. ಆಡುತ್ತಿದ್ದವಳು ಮಾತ್ರ ಬೇರೆ ಯಾರೋ. ಯಾರೋ ಒಬ್ಬ ನಟಿ ಅಕ್ಕನ ಹಸಿರು ನೈಟಿ ತೊಟ್ಟು, ಅಕ್ಕನ ಒಲೆಯ ಕಟ್ಟೆಗೆ ಒರಗಿ, ಕಣ್ಣಲ್ಲಿ ನೀರು ತಂದುಕೊಂಡು ಹೇಳುತ್ತಿದ್ದಳು. ಎದುರಿಗೆ ಕ್ಯಾಮೆರಾ, ಅದರ ಹಿಂದೆ ಕ್ಯಾಮೆರಾದವನು. ಅದರ ಪಕ್ಕದಲ್ಲಿ ಒಡಹುಟ್ಟಿದ ತಮ್ಮ, ಆ ಮಾತುಗಳನ್ನೇ ತುಟಿಯಲ್ಲಿ ಅಂದುಕೊಳ್ಳುತ್ತ ಮೈಮರೆತು ನಿಂತಿದ್ದ.

“ಭಾನುವಾರ ಒಂದು ದಿನ ಮನೆ ಬಿಟ್ಟುಕೊಡೇ ಅಕ್ಕಾ, ಯಾರೋ ಒಂಟಿ ಹೆಂಗಸಿನ ಕಥೆ, ಪುಟ್ಟ ಸಿನಿಮಾ” ಎಂದು ವಾರವಿಡೀ ಗೋಗರೆದಿದ್ದ. ಪಾಪ, ಮೊದಲ ಸಿನಿಮಾ, ಮಾಡಿಕೊಳ್ಳಲಿ ಎಂದು ಅವಳೂ ಒಪ್ಪಿ, ತಾನು ಕೆಲಸ ಮಾಡುವ ಕನ್ನಡಕದ ಅಂಗಡಿಗೆ ಬೆಳಗ್ಗೆಯೇ ಹೊರಟಿದ್ದಳು. ಅಂಗಡಿಯ ಬೀರುವಿನ ಕೀಲಿ ಮರೆತು ವಾಪಸು ಬಾರದಿದ್ದರೆ ಈ ಘನಕಾರ್ಯ ಅವಳಿಗೆ ಗೊತ್ತೇ ಆಗುತ್ತಿರಲಿಲ್ಲ.

“ಕಟ್! ಸೂಪರ್!” ಎಂದು ತಿರುಗಿದ ತಮ್ಮ, ಅಕ್ಕನನ್ನು ಕಂಡು ಇಂಗು ತಿಂದ ಮಂಗನಂತಾದ.

“ಇದು ಯಾರ ಕಥೆಯೋ?”

“ಅಕ್ಕಾ… ಹೆಸರೆಲ್ಲ ಬದಲಾಯಿಸಿದೀನಿ.”

“ಮಿಕ್ಸಿ ಬದಲಾಯಿಸಿದೀಯಾ? ನೈಟಿ ಬದಲಾಯಿಸಿದೀಯಾ?”

ನಟಿ ತನ್ನ ಮೈಮೇಲಿನ ನೈಟಿಯನ್ನು ಒಮ್ಮೆ ನೋಡಿಕೊಂಡು, “ನನಗೆ ಗೊತ್ತಿರಲಿಲ್ಲ ಮೇಡಂ, ನಿಜವಾಗ್ಲೂ” ಎಂದು ಗೋಡೆಗೆ ಸರಿದಳು. ತಮ್ಮ ಫ್ರಿಜ್ಜಿನ ಕಡೆ ಕೈ ತೋರಿಸಿದ. ಯಾವುದೋ ಶಿಬಿರದಲ್ಲಿ ಯಾರೋ ಮಹಾನುಭಾವ ಹೊಸ ನಿರ್ದೇಶಕರಿಗೆ ಮಾಡಿದ ಉಪದೇಶವನ್ನು ದಪ್ಪಕ್ಷರದಲ್ಲಿ ಬರೆದು ಅಲ್ಲಿ ಅಂಟಿಸಿಕೊಂಡಿದ್ದ. ಗೊತ್ತಿರುವುದನ್ನೇ ಬರೆಯಿರಿ. ಕೈ ಖಾಲಿಯಿದ್ದರೆ ನಿಮ್ಮ ಮನೆಯೇ ಸೆಟ್ಟು, ನಿಮ್ಮವರೇ ನಟರು. ಏನೇ ಆಗಲಿ, ಕ್ಯಾಮೆರಾ ನಿಲ್ಲಿಸಬೇಡಿ.

“ಗೊತ್ತಿರೋದನ್ನೇ ಬರೆದೆ ಅಕ್ಕಾ. ಅದಕ್ಕೇ ಇಷ್ಟು ಚೆನ್ನಾಗಿ ಬಂದಿದೆ. ನೀನೂ ಒಂದ್ಸಲ ನೋಡು, ಅತ್ತುಬಿಡ್ತೀಯ.”

“ಗೊತ್ತಿರೋದು ನನಗೆ ಕಣೋ! ನೀನು ಬರೀ ಕೇಳಿದ್ದು. ಅವತ್ತು ಆಸ್ಪತ್ರೆ ಬೆಂಚಿನ ಮೇಲೆ ಕೂತು, ಇವನೊಬ್ಬನಾದ್ರೂ ನನ್ನವನು ಅಂತ ನಂಬಿ ಹೇಳಿದ್ದು. ಹೆತ್ತ ಅಮ್ಮನ ಹತ್ರಾನೂ ಬಾಯಿ ಬಿಟ್ಟಿರಲಿಲ್ಲ ನಾನು. ನೀನು ಅದನ್ನ ಬರ್ಕೊಳ್ತಾ ಕೂತಿದ್ಯಾ?”

ತಮ್ಮ ತಲೆ ತಗ್ಗಿಸಿದ. ಅಕ್ಕನಿಗೆ ಆಗ ಮಗಳ ನೆನಪಾಯಿತು.

“ಪುಟ್ಟಿ ಎಲ್ಲಿ?”

“ರೂಮಲ್ಲಿದಾಳೆ. ಏನೂ ಕೇಳಿಸಿಕೊಂಡಿಲ್ಲ, ಬಾಗಿಲು ಹಾಕಿದೀನಿ. ಮುಂದಿನ ಶಾಟ್ ಅವಳದು… ಮಗಳು ಬಾಗಿಲ ಸಂದಿಯಿಂದ ಎಲ್ಲಾ ಕೇಳಿಸಿಕೊಳ್ಳೋದು. ಒಂದೇ ಶಾಟ್ ಅಕ್ಕಾ. ಅವಳಿಗೇನು ಅರ್ಥ ಆಗುತ್ತೆ, ಮಗು.”

ಅಕ್ಕನ ಸಿಟ್ಟು ನೆತ್ತಿಗೇರಿತು. ಅಪ್ಪನಿಗೆ ದೂರದ ಊರಿನಲ್ಲಿ ಕೆಲಸ ಎಂದು ಹತ್ತು ವರ್ಷದ ಮಗಳಿಗೆ ಹೇಳಿಕೊಂಡು ಬಂದಿದ್ದಳು. ಆ ಒಂದು ಸುಳ್ಳನ್ನು ನಾಲ್ಕು ವರ್ಷದಿಂದ ಜೋಪಾನ ಮಾಡಿದ್ದಳು, ಅಪ್ಪನೆಂದರೆ ಮಗು ಹೆದರದೆ ಬೆಳೆಯಲಿ ಎಂದು. ಈ ಪುಣ್ಯಾತ್ಮ ಅದೇ ಮಗುವನ್ನು ಬಾಗಿಲ ಹಿಂದೆ ನಿಲ್ಲಿಸಿ ನಿಜ ಕೇಳಿಸಲು ಹೊರಟಿದ್ದ! ಕೂಗಿಬಿಡೋಣ ಎಂದು ಬಾಯಿ ತೆರೆದಳು. ರೂಮಿನ ಬಾಗಿಲ ಕಡೆ ಕಣ್ಣು ಹೋಯಿತು. ಕೈ ತಾನಾಗಿಯೇ ಚಾಚಿ ಸ್ವಿಚ್ಚು ಒತ್ತಿತು.

ಖಾಲಿ ಮಿಕ್ಸಿ ಗರ್ರೆಂದು ತಿರುಗತೊಡಗಿತು. ಆ ಸದ್ದಿನ ಮರೆಯಲ್ಲಿ ಅಕ್ಕ ತಮ್ಮನಿಗೆ ಚೆನ್ನಾಗಿ ಮಂಗಳಾರತಿ ಮಾಡಿದಳು. “ನಾಚಿಕೆ ಆಗಲ್ವೇನೋ ನಿಂಗೆ! ಅವನು ಹೊಡೆದ, ಬಿಟ್ಟು ಬಂದೆ. ನೀನು ಅದನ್ನ ಊರಿಗೆಲ್ಲ ತೋರಿಸಿ ಚಪ್ಪಾಳೆ ಗಿಟ್ಟಿಸ್ತೀಯಾ? ನನ್ನ ಗೋಳು ಕೇಳೋಕೆ ನನ್ನ ಮಗೂನೇ ನಿಲ್ಲಿಸ್ತೀಯಾ?” ಕತ್ತಿನ ನರ ಉಬ್ಬಿ ಬಂದಿತ್ತು. ತಮ್ಮ ಕಿವಿಯ ಹತ್ತಿರ ಕೈ ಇಟ್ಟುಕೊಂಡು, “ಏನೂ ಕೇಳಿಸ್ತಿಲ್ಲ ಅಕ್ಕಾ!” ಎನ್ನುತ್ತಿದ್ದ.

ಮಿಕ್ಸಿ ನಿಂತುಹೋಯಿತು. ಪುಟ್ಟಿ ಸ್ವಿಚ್ಚಿನ ಮೇಲೆ ಬೆರಳಿಟ್ಟು ನಿಂತಿದ್ದಳು. ಯಾವಾಗ ಬಾಗಿಲು ತೆಗೆದು ಬಂದಳೋ ಯಾರೂ ನೋಡಿರಲಿಲ್ಲ.

“ಸುಮ್ಮನೆ ಯಾಕೆ ಹಾಕ್ತೀಯಮ್ಮ? ಮಿಕ್ಸಿ ಹಾಕಿದ್ರೂ ರೂಮಿಗೆ ಎಲ್ಲಾ ಕೇಳುತ್ತೆ.” ಸ್ವಿಚ್ಚಿನಿಂದ ಬೆರಳು ತೆಗೆದು ಅಂದಳು, “ಅಪ್ಪ ಇದ್ದಾಗಲೂ ಕೇಳ್ತಿತ್ತು.”

ನಟಿ ಬಾಯಿಗೆ ಕೈ ಅಡ್ಡ ಹಿಡಿದಳು. ಏನಿದ್ದರೂ ಎತ್ತಿ ಆಡಿಸಿದ ಸೋದರಮಾವ, ಇವನಾದರೂ ಮಗುವನ್ನು ಹತ್ತಿರ ಕರೆದುಕೊಳ್ಳಲಿ ಎಂದು ಅಕ್ಕ ತಮ್ಮನ ಕಡೆ ನೋಡಿದಳು. ಅವನ ಕಣ್ಣಲ್ಲಿ ನೀರಿತ್ತು, ಸುಳ್ಳಲ್ಲ. ಆದರೆ ಕೆಳಗೆ, ತೊಡೆಯ ಪಕ್ಕದಲ್ಲಿ, ಅವನ ತೋರುಬೆರಳು ಕ್ಯಾಮೆರಾದವನ ಕಡೆಗೆ ಮೆಲ್ಲಗೆ ಸುತ್ತುತ್ತಿತ್ತು. ನಿಲ್ಲಿಸಬೇಡ, ತೆಗೀತಾ ಇರು. ಕ್ಯಾಮೆರಾದ ಕೆಂಪು ದೀಪ ಯಾವಾಗಲೋ ಮತ್ತೆ ಹೊತ್ತಿಕೊಂಡಿತ್ತು.

ಅಕ್ಕ ಮಗಳನ್ನು ಸೆಳೆದು ಮೈಗೆ ಒತ್ತಿಕೊಂಡಳು. ಈ ಸಲ ಕೈ ಮಿಕ್ಸಿಯ ಕಡೆ ಹೋಗಲಿಲ್ಲ.

“ನಡಿಯೋ ಆಚೆ, ನನ್ನ ಮನೆಯಿಂದ!”

ಆ ಕೂಗಿಗೆ ಪಕ್ಕದ ಮನೆಯ ಅಡುಗೆಮನೆ ಕಿಟಕಿ ದಢಾರನೆ ತೆರೆದುಕೊಂಡಿತು. ಅಕ್ಕ ದನಿ ತಗ್ಗಿಸಲಿಲ್ಲ.