ಧೂಳಿಲ್ಲದ ಮೊಣಕಾಲು

ಇವತ್ತು ಬಾಟಲಿ ಸಮೇತ ಹಿಡಿಯಬೇಕೆಂದೇ ಅವಳು ಚರ್ಚಿನ ಬಾಗಿಲು ತಳ್ಳಿದಳು. ಏಣಿಯಿಂದ ಬಿದ್ದ ಮೇಲೆ ಬಣ್ಣ ಬಳಿಯುವ ಕೆಲಸ ಬಿಟ್ಟು ಕುಡಿತಕ್ಕೆ ಇಳಿದಿದ್ದ ಗಂಡ, ಈಗ ದಿನಾ ಸಂಜೆ ಪ್ರಾರ್ಥನೆಗೆಂದು ಹೊರಡುತ್ತಿದ್ದ. ಮರಳುವಾಗ ಮೈಯೆಲ್ಲ ಬೆವರು, ಕೈ ನಡುಕ. ಪ್ಯಾಂಟಿನ ಮೊಣಕಾಲಿಗೆ ಮಾತ್ರ ಚೂರೂ ಧೂಳಿಲ್ಲ. ಮೊಣಕಾಲೂರದೆ ಅದೆಂಥ ಪ್ರಾರ್ಥನೆ?

ಒಳಗೆ, ಗೋಡೆಗೆ ಒರಗಿಸಿದ ಏಣಿಯ ನಾಲ್ಕನೇ ಮೆಟ್ಟಿಲಲ್ಲಿ ಅವನು ಕಣ್ಣು ಮುಚ್ಚಿ ನಿಂತಿದ್ದ. "ಯೇಸಪ್ಪಾ, ಕೈ ಬಿಡಬೇಡ," ಎನ್ನುತ್ತ ಐದನೆಯದಕ್ಕೆ ಕಾಲಿಟ್ಟ. ಏಣಿ ಅಲುಗಿತು. ಅವಳು ಓಡಿಹೋಗಿ ಹಿಡಿದುಕೊಂಡಳು.

ಅವನು ಕಣ್ಣು ಬಿಟ್ಟು ಕೆಳಗೆ ನೋಡಿದ. "ನೀನಾ? ಕುಡಿದಿಲ್ಲ ಕಣೇ."

"ಇಳಿದ ಮೇಲೆ ಬಾಯಿ ಮೂಸಿ ನೋಡ್ತೀನಿ. ಈಗ ಇನ್ನೊಂದು ಮೆಟ್ಟಿಲು ಹತ್ತಿ."