ಮೊದಲು ಇಳಿಯುವವನು

ಆಲ್ಪ್ಸ್ ಬೆಟ್ಟದ ಆ ರೆಸಾರ್ಟಿನಲ್ಲಿ ವಾದಿರಾಜ ಕಣ್ಣುಬಿಟ್ಟಾಗ ಮಣಿಕಟ್ಟಿನಲ್ಲಿ ಕೆಂಪು ಪಟ್ಟಿಯಿತ್ತು. ಅಂದರೆ ಈ ಸಲ ತಾನೇ ನಕಲು, ಅಸಲು ವಾದಿರಾಜನ ನೆನಪುಗಳನ್ನೂ ತುಂಬಿ ಮಾಡಿದ ಪಡಿಯಚ್ಚು. ರೆಸಾರ್ಟಿನ ಕರಾರಿನಂತೆ, ಯಾರೂ ತುಳಿಯದ ಹಿಮಕ್ಕೆ ಕುಟುಂಬಕ್ಕೊಂದು ನಕಲನ್ನು ಮೊದಲು ಇಳಿಸಬೇಕು. ಹಿಮ ಕುಸಿದು ಅದು ಹೂತುಹೋಗದಿದ್ದರೆ ಮಾತ್ರ ಅಸಲು ಮನುಷ್ಯರು ಇಳಿಯಬೇಕು. ಮಧ್ಯಾಹ್ನ ನಕಲನ್ನು ಅಳಿಸಿಬಿಡುತ್ತಾರೆ. ಆ ಕರಾರಿಗೆ ಪ್ರತಿ ವರ್ಷವೂ ಓದದೆ ಸಹಿ ಹಾಕಿದ್ದು ಅವನಿಗೆ ಚೆನ್ನಾಗಿ ನೆನಪಿತ್ತು.

ಕಾಲಿಗೆ ಸ್ನೋಬೋರ್ಡು ಕಟ್ಟಿಕೊಂಡು ಇಳಿಜಾರಿನಲ್ಲಿ ಜಾರಿದ. ಸೊಂಟಮಟ್ಟದ ಪುಡಿ ಹಿಮ ಹಿಟ್ಟಿನಂತೆ ಎರಡೂ ಬದಿಗೆ ಹಾರಿತು. ಜನ್ಮದಲ್ಲೇ ಇಷ್ಟು ಚೆನ್ನಾಗಿ ಇಳಿದಿರಲಿಲ್ಲ. ಆ ಜನ್ಮಕ್ಕಾದರೋ ಇನ್ನೂ ಒಂದು ಗಂಟೆ ತುಂಬಿರಲಿಲ್ಲ.

ಕೆಳಗೆ ತಲುಪುತ್ತಲೇ ರೇಡಿಯೋದಲ್ಲಿ ಅವನದೇ ದನಿ ಕೇಳಿತು, ಮೇಲೆ ಕಾಯುತ್ತಿದ್ದ ಅಸಲು ವಾದಿರಾಜನದು. "ಹೆಂಗಿದೆಯೋ? ಪುಟ್ಟೀನ ಕರ್ಕೊಂಡು ಬರಬಹುದಾ?"

ಬೇಡವೆಂದು ಸುಳ್ಳು ಹೇಳಬಹುದಿತ್ತು. ಆದರೆ ಮಗಳನ್ನು ಒಮ್ಮೆ ಕಣ್ಣಾರೆ ನೋಡಬೇಕಿತ್ತು.

"ಬಾ. ಹಿಮ ಕುಸಿಯಲ್ಲ."

ಒಂಬತ್ತು ವರ್ಷದ ಇಂಚರ ಅಪ್ಪನನ್ನು ಹಿಂದೆ ಹಾಕಿ, ಕೇಕೆ ಹಾಕುತ್ತಾ ಬಂದು ಅವನೆದುರೇ ನಿಂತಳು.

"ಪುಟ್ಟೀ..." ಎಂದ.

ಅವಳು ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಆಚೆ ತಿರುಗಿದಳು. ಹೋದ ವರ್ಷ ಅವಳು ಕೆಂಪು ಪಟ್ಟಿಯವನಿಗೆ ಕೈ ಬೀಸಿದಾಗ, "ಅದರ ಮುಖ ನೋಡಬಾರದು, ಕಣ್ಣು ಮುಚ್ಕೋ" ಎಂದು ಹೇಳಿಕೊಟ್ಟವನು ತಾನೇ.