ವಿದಾಯದ ಓಟ

ಇಂಗ್ಲೆಂಡಿನ ಮಣ್ಣಿನ ಟ್ರ್ಯಾಕುಗಳಲ್ಲಿ, ಬ್ರೇಕೇ ಇಲ್ಲದ ರೇಸ್ ಬೈಕಿನ ಮೇಲೆ ಸಿರಿಲ್ ಇಪ್ಪತ್ತು ವರ್ಷ ಸುತ್ತಿದ್ದ. ತನ್ನದೇ ಕ್ಲಬ್ಬಿನ ಗೆಳೆಯ ಲೆನ್‌ನನ್ನು ಮಾತ್ರ ಒಮ್ಮೆಯೂ ಸೋಲಿಸಿರಲಿಲ್ಲ. ಇವತ್ತು ಸಿರಿಲ್‌ನ ಕೊನೆಯ ಓಟ. ನಿವೃತ್ತನಾಗುವವನನ್ನು ಉಳಿದವರು ಬೇಕೆಂದೇ ಗೆಲ್ಲಿಸಿ ಕಳಿಸುವುದು ಅವರ ಕ್ಲಬ್ಬಿನ ವಾಡಿಕೆ. ಆ ವಾಡಿಕೆಯೇ ಬೆಳಗಿನಿಂದ ಅವನನ್ನು ಕೂತಲ್ಲಿ ಕೂರಲು ಬಿಟ್ಟಿರಲಿಲ್ಲ.

“ನೋಡು ಲೆನ್, ನನಗೆ ಭಿಕ್ಷೆ ಹಾಕಬೇಡ. ಸೋತರೂ ಸರಿ, ನಿಜವಾಗಿ ಓಡಿಸು,” ಎಂದು ಮೂರನೆಯ ಸಲ ಹೇಳಿದ.

“ಆಯ್ತು ಮಹರಾಯ, ಎಷ್ಟು ಸಲ ಆಣೆ ಇಡಲಿ? ಮೊದಲು ಹೆಲ್ಮೆಟ್ ಹಾಕ್ಕೋ. ಇಲ್ಲಾಂದ್ರೆ ನಾವು ಓಟ ಮುಗಿಸಿ ಬಂದ್ರೂ ನೀನಿಲ್ಲೇ ಮಾತಾಡ್ತಾ ನಿಂತಿರ್ತೀಯ.”

ನಾಲ್ಕು ಸುತ್ತಿನ ಓಟ. ಮೊದಲ ತಿರುವಿನಲ್ಲೇ ಸಿರಿಲ್ ಮುಂದೆ ಬಂದ. ಎರಡನೆಯ ಸುತ್ತಿನಲ್ಲೂ ಯಾರೂ ಹತ್ತಿರ ಸುಳಿಯಲಿಲ್ಲ. ಮೂರನೆಯದರಲ್ಲಿ ತಿರುಗಿ ನೋಡಿದರೆ ಲೆನ್ ಐದು ಬೈಕಿನಷ್ಟು ಹಿಂದಿದ್ದ. ಇಪ್ಪತ್ತು ವರ್ಷದಲ್ಲಿ ಹಾಗಾದದ್ದೇ ಇಲ್ಲ. ಸಿರಿಲ್‌ಗೆ ಮೈಯೆಲ್ಲ ಉರಿದುಹೋಯಿತು. ಕೊನೆಯ ತಿರುವಿನಲ್ಲಿ ಬೇಕೆಂದೇ ಆಕ್ಸಿಲರೇಟರ್ ಸಡಿಲಿಸಿದ. ಲೆನ್ ಅವನನ್ನು ದಾಟಿ ಗೆದ್ದುಬಿಟ್ಟ.

“ನಿನ್ನ ದಾನ ನಿನಗೇ ವಾಪಸ್ಸು, ತಗೋ!” ಎಂದು ಸಿರಿಲ್ ಬೈಕಿನಿಂದ ಇಳಿಯುತ್ತಲೇ ನಕ್ಕ.

ಲೆನ್ ಹೆಲ್ಮೆಟ್ ತೆಗೆದ. ಮುಖದ ತುಂಬ ಮಣ್ಣು ಮೆತ್ತಿತ್ತು.

“ಯಾವ ದಾನವೋ? ನಾಲ್ಕು ಸುತ್ತೂ ಪ್ರಾಣ ಬಿಟ್ಟು ಓಡಿಸಿದೀನಿ, ನಿನ್ನ ಹತ್ತಿರ ಬರೋಕೂ ಆಗಲಿಲ್ಲ. ಕೊನೇಲಿ ನೀನ್ಯಾಕೆ ನಿಧಾನ ಮಾಡಿದೆ?”